ಅನಾಮಲಿ ಸ್ಕ್ಯಾನಲ್ಲಿ ಮಗುವಿನ ಹಾರ್ಟಲ್ಲಿ ತೊಂದರೆ ಇರಬಹುದು ಅಂದಿದ್ದಾರೆ, ಫೀಟಲ್ ಎಕೋಗೆ ಹೋದಾಗ ಏನೇನು ಕೇಳಬೇಕು?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ನನಗೀಗ 20 ವಾರ ದಾಟಿದೆ, ಮೊದಲ ಮಗು. ಮೊನ್ನೆ ಅನಾಮಲಿ ಸ್ಕ್ಯಾನ್ ಆಯಿತು. ತಲೆ, ಬೆನ್ನುಮೂಳೆ, ಕಿಡ್ನಿ ಎಲ್ಲ ಬೇಗ ಬೇಗ ನೋಡಿ ಮುಗಿಸಿದ ಡಾಕ್ಟರು ಹಾರ್ಟ್ ಹತ್ತಿರ ಬಂದ ತಕ್ಷಣ ಮಾತು ನಿಲ್ಲಿಸಿಬಿಟ್ಟರು. ಪಕ್ಕಕ್ಕೆ ತಿರುಗಿ ಮಲಗಿ ಅಂದರು, ಸ್ವಲ್ಪ ಓಡಾಡಿ ಬನ್ನಿ ಅಂದರು, ಮತ್ತೆ ನೋಡಿದರು. ರಿಪೋರ್ಟಲ್ಲಿ ಇರುವುದು ಇಷ್ಟೇ: ಹಾರ್ಟಿನ ನಾಲ್ಕು ಕೋಣೆಗಳು ಸರಿಯಾಗಿ ಕಾಣುತ್ತಿವೆ, ಆದರೆ ಹಾರ್ಟಿನಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ದಾಟದೆ ಅಕ್ಕಪಕ್ಕ ಸಾಗುತ್ತಿವೆ, ಟಿಜಿಎ (ಆ ಎರಡು ನಾಳಗಳು ಅದಲು ಬದಲಾಗಿರುವುದು) ಅನುಮಾನ, ಫೀಟಲ್ ಎಕೋ (ಹೊಟ್ಟೆಯಲ್ಲಿರುವ ಮಗುವಿನ ಹಾರ್ಟಿನ ವಿಶೇಷ ಸ್ಕ್ಯಾನ್) ಮಾಡಿಸಿ.

ಅವತ್ತಿನಿಂದ ನಿದ್ದೆ ಇಲ್ಲ. ಫೀಟಲ್ ಎಕೋಗೆ ಮುಂದಿನ ವಾರ ಬರಲು ಹೇಳಿದ್ದಾರೆ. 12ನೇ ವಾರದ ಎನ್‌ಟಿ ಸ್ಕ್ಯಾನ್ ಪೂರ್ತಿ ನಾರ್ಮಲ್ ಇತ್ತು, ಡಬಲ್ ಮಾರ್ಕರ್ ಕೂಡ ಲೋ ರಿಸ್ಕ್ ಬಂದಿತ್ತು. ಹಾಗಿದ್ದ ಮೇಲೆ ಈಗ ಇದು ಎಲ್ಲಿಂದ ಬಂತು? ಹಾರ್ಟ್‌ಬೀಟ್ 148 ಇದೆ, ಚೆನ್ನಾಗಿದೆ ಅಂತಾರೆ. ಬಡಿತ ಚೆನ್ನಾಗಿರುವಾಗ ಹಾರ್ಟಲ್ಲಿ ತೊಂದರೆ ಹೇಗಿರುತ್ತೆ? ಮಗು ಒದ್ದಾಗಲೆಲ್ಲ, ಇದು ಆಡುತ್ತಿದೆಯೋ ಉಸಿರಿಗೆ ಕಷ್ಟಪಡುತ್ತಿದೆಯೋ ಅಂತ ಭಯ ಆಗುತ್ತೆ. ಮೊದಲ ತಿಂಗಳುಗಳಲ್ಲಿ ತುಂಬಾ ಪ್ರಯಾಣ ಮಾಡಿದ್ದೆ, ಮನೆ ಬದಲಾಯಿಸುವಾಗ ಭಾರ ಎತ್ತಿದ್ದೆ, ಅದರಿಂದ ಆಯಿತಾ? ಮನೆಯಲ್ಲಿ ಕೆಲವರು, ಹೆರಿಗೆ ಆದ ಮೇಲೆ ನೋಡಿದರಾಯಿತು, ಈಗಲೇ ಯಾಕೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀಯ ಅಂತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ, ಎಕೋ ರೂಮಿಗೆ ಹೋದಾಗ ನಾನು ಏನು ಕೇಳಬೇಕು?

ಎಕೋಕೋಣೆ:

ಫೀಟಲ್ ಎಕೋ ಮಾಡುವುದೇ ನನ್ನ ದಿನದ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಚಿತ್ರಗಳನ್ನು ನಾನು ನೋಡಿಲ್ಲ, ಆದ್ದರಿಂದ ನಿಮ್ಮ ಮಗುವಿಗೆ ಇದೇ ಇದೆ ಅಂತ ಹೇಳಲಾರೆ. ರಿಪೋರ್ಟಲ್ಲಿ ಬರೆದಿರುವುದರ ಅರ್ಥ ಏನು ಅಂತ ಮಾತ್ರ ಹೇಳಬಲ್ಲೆ.

ಮೊದಲು ಆ ಪ್ರಯಾಣ ಮತ್ತು ಭಾರದ ವಿಷಯ. ಅದರಿಂದ ಆಗಿಲ್ಲ. ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ 100ಕ್ಕೆ ಒಂದರಲ್ಲಿ ಹಾರ್ಟಿನ ರಚನೆಯಲ್ಲಿ ಏನಾದರೊಂದು ವ್ಯತ್ಯಾಸ ಇರುತ್ತದೆ, ಅದರಲ್ಲಿ ಬಹುಪಾಲು ತಾಯಂದಿರಿಗೆ ಯಾವ ಕಾರಣವೂ ಸಿಗುವುದಿಲ್ಲ. ಗರ್ಭ ನಿಂತ ಮೊದಲ ಎರಡು ತಿಂಗಳಲ್ಲೇ ಹಾರ್ಟಿನ ಕಟ್ಟಡ ಮುಗಿಯುತ್ತಾ ಬಂದಿರುತ್ತದೆ. ಗರ್ಭಕ್ಕೆ ಮೊದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಆ ಹೊತ್ತಿನಲ್ಲಿ ಬಂದ ರುಬೆಲ್ಲಾ, ಮೂರ್ಛೆ ರೋಗಕ್ಕೆ ಕೊಡುವ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ತಂದೆ ತಾಯಿಗೋ ಮೊದಲ ಮಗುವಿಗೋ ಇದೇ ತೊಂದರೆ ಇದ್ದದ್ದು, ಇಂಥವು ಅಪಾಯ ಹೆಚ್ಚಿಸುತ್ತವೆ ಅಂತ ಗೊತ್ತು. ಇವು ಯಾವುದೂ ಇಲ್ಲದೆಯೂ ಬರುತ್ತದೆ, ನನ್ನ ಮುಂದೆ ಮಲಗುವ ತಾಯಂದಿರಲ್ಲಿ ಜಾಸ್ತಿ ಜನ ಅಂಥವರೇ.

ಎನ್‌ಟಿ ಸ್ಕ್ಯಾನಲ್ಲಿ ಅಳೆಯುವುದು ಮಗುವಿನ ಕತ್ತಿನ ಹಿಂದೆ ಇರುವ ನೀರಿನ ದಪ್ಪ. ಅದು 3.5 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಹಾರ್ಟನ್ನು ವಿಶೇಷವಾಗಿ ನೋಡುತ್ತೇವೆ. ಕಡಿಮೆ ಇದ್ದರೆ ಹಾರ್ಟ್ ಸರಿ ಇದೆ ಅಂತ ಆಗುವುದಿಲ್ಲ. ಹಾರ್ಟ್ ತೊಂದರೆ ಇರುವ ಬಹಳಷ್ಟು ಮಕ್ಕಳ ಎನ್‌ಟಿ ನಾರ್ಮಲ್ ಆಗಿಯೇ ಇರುತ್ತದೆ. ಡಬಲ್ ಮಾರ್ಕರ್ ನೋಡುವುದು ಕ್ರೋಮೋಸೋಮ್ ತೊಂದರೆಯ ಸಾಧ್ಯತೆಯನ್ನು, ಹಾರ್ಟನ್ನಲ್ಲ. ಬಡಿತದ ಕಥೆಯೂ ಹಾಗೇ. 110ರಿಂದ 160ರ ಒಳಗೆ ನಿಯಮಿತವಾಗಿ ಬಡಿಯುತ್ತಿದೆ ಅಂದರೆ ವಿದ್ಯುತ್ ಕೆಲಸ ಸರಿ ಇದೆ ಅಂತ ಅರ್ಥ, ಕೊಳವೆಗಳು ಸರಿಯಾದ ಜಾಗಕ್ಕೆ ಸೇರಿವೆಯಾ ಅನ್ನುವುದು ಬೇರೆ ವಿಷಯ.

ಈಗ ನಿಮ್ಮ ರಿಪೋರ್ಟ್. ನಾಲ್ಕು ಕೋಣೆ ಕಾಣಿಸುವ ಕಡೆಯಿಂದ ಪ್ರೋಬನ್ನು ಮಗುವಿನ ತಲೆಯ ಕಡೆ ಒಂಚೂರು ವಾಲಿಸಿದರೆ ಎಡ ಕೋಣೆಯಿಂದ ಅಯೋರ್ಟಾ, ಅಂದರೆ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ, ಹೊರಡುವುದು ಕಾಣುತ್ತದೆ. ಇನ್ನೂ ಸ್ವಲ್ಪ ವಾಲಿಸಿದರೆ ಬಲ ಕೋಣೆಯಿಂದ ಶ್ವಾಸಕೋಶದ ರಕ್ತನಾಳ ಹೊರಟು ಅಯೋರ್ಟಾವನ್ನು ದಾಟಿಕೊಂಡು ಹೋಗುತ್ತದೆ. ಆ ದಾಟುವಿಕೆ ಕಾಣಬೇಕು. ಟಿಜಿಎ ಇರುವ ಮಗುವಿನಲ್ಲಿ ಅಯೋರ್ಟಾ ಬಲ ಕೋಣೆಯಿಂದ ಹೊರಡುತ್ತದೆ, ಶ್ವಾಸಕೋಶದ ನಾಳ ಎಡ ಕೋಣೆಯಿಂದ. ಎರಡೂ ಜೋಡಿ ಕೊಳವೆಗಳ ಹಾಗೆ ನೇರ ಮೇಲಕ್ಕೆ ಹೋಗುತ್ತವೆ. ನಾಲ್ಕು ಕೋಣೆ ಮಾತ್ರ ನೋಡಿ ಬಿಟ್ಟಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಿಮ್ಮನ್ನು ಓಡಾಡಿಸಿ ಮತ್ತೆ ಮಲಗಿಸಿ ನೋಡಿದ ಡಾಕ್ಟರು ಒಳ್ಳೆಯ ಕೆಲಸ ಮಾಡಿದ್ದಾರೆ.

ಮಗು ಕಷ್ಟಪಡುತ್ತಿದೆಯಾ? ಇಲ್ಲ. ಹೊಟ್ಟೆಯಲ್ಲಿ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ, ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಹಾರ್ಟಿನ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ, ಎರಡು ದೊಡ್ಡ ನಾಳಗಳ ನಡುವೆ ಡಕ್ಟಸ್ ಅನ್ನುವ ಒಂದು ಸೇತುವೆ ನಾಳ ಇರುತ್ತದೆ. ಇವು ಎಲ್ಲ ಮಕ್ಕಳಲ್ಲೂ ಇರುತ್ತವೆ. ಅದರಿಂದಾಗಿ ರಕ್ತ ಬೆರೆಯುತ್ತದೆ, ಮಗು ಬೆಳೆಯುತ್ತದೆ, ಒದೆಯುತ್ತದೆ, ಆಡುತ್ತದೆ. ಕಷ್ಟ ಶುರುವಾಗುವುದು ಹುಟ್ಟಿದ ಮೇಲೆ. ಬಳ್ಳಿ ಕತ್ತರಿಸಿದ ಮೇಲೆ ಮಾಸಿನ ಸಹಾಯ ಇಲ್ಲ, ಡಕ್ಟಸ್ ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳತೊಡಗುತ್ತದೆ, ಕಿಂಡಿಯೂ ಕಿರಿದಾಗುತ್ತದೆ. ಆಗ ಟಿಜಿಎ ಮಗುವಿನಲ್ಲಿ ಆಮ್ಲಜನಕ ಇರುವ ರಕ್ತ ಶ್ವಾಸಕೋಶಕ್ಕೇ ವಾಪಸ್ ಹೋಗುತ್ತಿರುತ್ತದೆ, ಇಲ್ಲದ ರಕ್ತ ಮೈಗೇ ವಾಪಸ್ ಹೋಗುತ್ತಿರುತ್ತದೆ.

ಅದಕ್ಕೇ ಹೆರಿಗೆ ಆದ ಮೇಲೆ ನೋಡೋಣ ಅನ್ನುವ ಮಾತನ್ನು ದಯವಿಟ್ಟು ಒಪ್ಪಬೇಡಿ. ಬೇರೆ ಕೆಲವು ತೊಂದರೆಗಳಿಗೆ ಆ ಮಾತು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಕೆಲವು ಟಿಜಿಎ ಮಕ್ಕಳಲ್ಲಿ ಆ ಕಿಂಡಿ ತುಂಬಾ ಚಿಕ್ಕದಿದ್ದು ಹುಟ್ಟಿದ ಕೆಲವೇ ಹೊತ್ತಿನಲ್ಲಿ ಸಹಾಯ ಬೇಕಾಗುತ್ತದೆ. ಮೊದಲೇ ಗೊತ್ತಿದ್ದರೆ ಮಗು ಹುಟ್ಟುವ ಕಟ್ಟಡದಲ್ಲೇ ಆ ಸಹಾಯ ಕಾದು ನಿಂತಿರುತ್ತದೆ. ಗೊತ್ತಿಲ್ಲದಿದ್ದರೆ ನೀಲಿ ಆಗುತ್ತಿರುವ ಮಗುವನ್ನು ಆಂಬುಲೆನ್ಸಲ್ಲಿ ಹಾಕಿಕೊಂಡು ಆಸ್ಪತ್ರೆ ಹುಡುಕಬೇಕು.

ಎಕೋ ರೂಮಲ್ಲಿ ಕೇಳಬೇಕಾದದ್ದು ಇದನ್ನೇ ಸುತ್ತಿಕೊಂಡಿದೆ. ತೊಂದರೆಯ ಪೂರ್ತಿ ಹೆಸರನ್ನು ಬರೆಸಿಕೊಳ್ಳಿ, ಹಾರ್ಟಲ್ಲಿ ತೊಂದರೆ ಅಂತ ಬರೆದ ಚೀಟಿ ಸಾಲದು. ಚಿತ್ರ ಬರೆದು ತೋರಿಸಿ ಅಂತ ಕೇಳಿ, ನಾವು ಬರೆದು ಕೊಡುತ್ತೇವೆ, ಸಂಕೋಚ ಬೇಡ. ಇದು ಡಕ್ಟಸ್ ಮೇಲೆ ನಿಂತಿರುವ ತೊಂದರೆಯಾ, ಅಂದರೆ ಹುಟ್ಟಿದ ಮೇಲೂ ಡಕ್ಟಸ್ ತೆರೆದೇ ಇರಬೇಕಾ ಅಂತ ಕೇಳಿ. ಜೊತೆಗೆ ಕೆಳಗಿನ ಕೋಣೆಗಳ ನಡುವೆ ರಂಧ್ರ ಇದೆಯಾ, ಶ್ವಾಸಕೋಶದ ನಾಳದ ಬಾಯಿ ಕಿರಿದಾಗಿದೆಯಾ ಅಂತ ಕೇಳಿ, ಯಾಕೆಂದರೆ ಆಪರೇಷನ್ ಯಾವಾಗ, ಯಾವುದು ಅನ್ನುವುದು ಅದರ ಮೇಲೆ ನಿಂತಿದೆ. ಹೆರಿಗೆ ಎಲ್ಲಿ ಆಗಬೇಕು, ಮಗುವಿನ ಹಾರ್ಟ್ ಆಪರೇಷನ್ ಮಾಡುವ ತಂಡ ಅಲ್ಲೇ ಇದೆಯಾ ಅಥವಾ ಬೇರೆ ಕಡೆಗೆ ಸಾಗಿಸಬೇಕಾ, ಅದನ್ನು ಅವತ್ತೇ ಕೇಳಿ. ಮುಂದಿನ ಎಕೋ ಯಾವಾಗ ಅಂತಲೂ ಕೇಳಿ. ಒಂದೇ ಎಕೋಗೆ ಮುಗಿಯುವುದಿಲ್ಲ, ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ ನೋಡುತ್ತೇವೆ, ಕೊನೆಯ ತಿಂಗಳಲ್ಲಿ ಆ ಕಿಂಡಿಯ ಪೊರೆ ಹೇಗೆ ಅಲುಗಾಡುತ್ತಿದೆ ಅಂತ ವಿಶೇಷವಾಗಿ ಗಮನಿಸುತ್ತೇವೆ.

ಚಿನ್ನುವಿನ ಅಮ್ಮ:

ತಂಗಿ, ನನ್ನ ಮಗನಿಗೆ ಟಿಜಿಎ ಇತ್ತು, ಹೊಟ್ಟೆಯಲ್ಲಿದ್ದಾಗಲೇ ಗೊತ್ತಾಯಿತು. ಈಗ ಸ್ಕೂಲಿಗೆ ಹೋಗುತ್ತಾನೆ, ಮೆಟ್ಟಿಲು ಹತ್ತುವಾಗ ನನಗಿಂತ ಮುಂದೆ. ಇದನ್ನು ಮೊದಲು ಹೇಳಬೇಕು ಅನಿಸಿತು.

ಡಾಕ್ಟರು ಹೇಳಿದ್ದು ಬಾಣಂತಿಯ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ. ನನ್ನದು ನಾರ್ಮಲ್ ಹೆರಿಗೆ. ಮಗು ಹುಟ್ಟಿ ಅತ್ತಿತು, ತೂಕ ಚೆನ್ನಾಗಿತ್ತು. ನೋಡಿದವರು ಏನೂ ತೊಂದರೆ ಇಲ್ಲ ಅನ್ನಬೇಕು, ಹಾಗಿತ್ತು. ಸ್ವಲ್ಪ ಹೊತ್ತಿಗೆ ತುಟಿ, ಉಗುರಿನ ಬುಡ ನೇರಳೆ ಬಣ್ಣಕ್ಕೆ ತಿರುಗಿತು. ಆದರೆ ಆ ರೂಮಲ್ಲಿ ಯಾರೂ ಗಾಬರಿ ಆಗಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಹೊಕ್ಕುಳಿಗೆ ಸಣ್ಣ ಲೈನ್ ಹಾಕಿ ಪ್ರೋಸ್ಟಾಗ್ಲಾಂಡಿನ್ ಡ್ರಿಪ್ ಶುರು ಮಾಡಿದರು, ಅದು ಡಕ್ಟಸ್ ಮುಚ್ಚದ ಹಾಗೆ ತಡೆಯುತ್ತದಂತೆ. ಆ ಔಷಧಿಗೆ ಕೆಲವು ಮಕ್ಕಳು ಉಸಿರಾಡುವುದನ್ನೇ ನಡುನಡುವೆ ನಿಲ್ಲಿಸುತ್ತವೆ, ಜ್ವರ ಬರುತ್ತದೆ, ಹಾಗಾಗಿ ಎನ್‌ಐಸಿಯುನಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕಣ್ಣಿಟ್ಟು ಕೊಡಬೇಕು ಅಂತ ನರ್ಸು ಮೊದಲೇ ಹೇಳಿದ್ದರು. ನನ್ನ ಮಗನಿಗೂ ಹಾಗೆ ಆದಾಗ ವೆಂಟಿಲೇಟರ್ ಹಾಕಿದರು. ಮೊದಲೇ ಹೇಳಿರದಿದ್ದರೆ ಆ ನಳಿಕೆ ನೋಡಿ ನಾನು ಅಲ್ಲೇ ಕುಸಿಯುತ್ತಿದ್ದೆ.

ಕಿಂಡಿ ಚಿಕ್ಕದಿತ್ತು. ಅವತ್ತೇ ರಾತ್ರಿ ಬಲೂನ್ ಪ್ರೊಸೀಜರ್ ಮಾಡಿದರು. ರಕ್ತನಾಳದ ಮೂಲಕ ಸಣ್ಣ ಬಲೂನನ್ನು ಹಾರ್ಟಿನ ಒಳಗೆ ಕಳಿಸಿ, ಉಬ್ಬಿಸಿ, ಎಳೆದು ಆ ಕಿಂಡಿ ದೊಡ್ಡದು ಮಾಡುತ್ತಾರೆ. ಮಾನಿಟರಲ್ಲಿ ಆಕ್ಸಿಜನ್ ನಂಬರು ಮೇಲೆ ಏರಿದ್ದನ್ನು ನಮ್ಮವರು ಗಾಜಿನ ಆಚೆಯಿಂದ ನೋಡಿದರು. ದೊಡ್ಡ ಆಪರೇಷನ್ ಆಮೇಲೆ, ಮೊದಲ ಎರಡು ವಾರದ ಒಳಗೆ. ಎರಡು ನಾಳಗಳನ್ನು ಕತ್ತರಿಸಿ ಅದಲು ಬದಲು ಮಾಡಿ ಹೊಲಿಯುತ್ತಾರೆ, ಹಾರ್ಟಿಗೇ ರಕ್ತ ಕೊಡುವ ಸಣ್ಣ ಕೊರೊನರಿ ನಾಳಗಳನ್ನೂ ಕಿತ್ತು ಹೊಸ ಜಾಗಕ್ಕೆ ಕೂರಿಸುತ್ತಾರೆ. ಅದೇ ಕಷ್ಟದ ಭಾಗ ಅಂತ ಸರ್ಜನ್ ಹೇಳಿದ್ದರು.

ಆಗ ನನಗೆ ಯಾರೂ ಹೇಳದೆ ಇದ್ದದ್ದು ಒಂದು: ಮಗುವನ್ನು ಹೆತ್ತ ತಕ್ಷಣ ಎತ್ತಿಕೊಂಡು ಹೋಗುತ್ತಾರೆ, ನೀನು ಬೇರೆ ವಾರ್ಡಲ್ಲಿ ಇರುತ್ತೀಯ, ಸುತ್ತ ಬೇರೆ ತಾಯಂದಿರ ಪಕ್ಕದಲ್ಲಿ ಮಕ್ಕಳು ಇರುತ್ತವೆ. ಅದು ಆಪರೇಷನ್‌ಗಿಂತ ಕಷ್ಟ ಆಯಿತು ನನಗೆ. ಹೆರಿಗೆಗೆ ಮೊದಲೇ ಎನ್‌ಐಸಿಯು ತೋರಿಸಿ ಅಂತ ಕೇಳು, ಹಾಸಿಗೆ ಎಲ್ಲಿ, ಮಗು ಎಲ್ಲಿ, ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಕೇಳು. ಮಗು ಕುಡಿಯದಿದ್ದರೂ ಎದೆಹಾಲನ್ನು ಮೊದಲ ದಿನದಿಂದಲೇ ಪಂಪಲ್ಲಿ ತೆಗೆದು ಇಡಿಸು. ಹಳದಿ ಗಟ್ಟಿ ಹಾಲು ನಾಲ್ಕು ಹನಿ ಬಂದರೂ ಸಿರಿಂಜಲ್ಲಿ ಹಿಡಿದು ಕೊಟ್ಟರು ನರ್ಸುಗಳು, ಹತ್ತಿಯಲ್ಲಿ ಅದ್ದಿ ಮಗನ ಬಾಯಿಗೆ ಸವರಿದರು.

ಹಸಿರೆಲೆ:

ಮಧ್ಯೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನ್ನ 19ನೇ ವಾರದ ರಿಪೋರ್ಟಲ್ಲಿ ಎಡ ಕೋಣೆಯಲ್ಲಿ ಬಿಳಿ ಚುಕ್ಕೆ ಇದೆ ಅಂತ ಬರೆದಿದ್ದಾರೆ. ಇದನ್ನೆಲ್ಲ ಓದಿ ಭಯ ಜಾಸ್ತಿ ಆಯಿತು. ಅದೂ ಹಾರ್ಟ್ ತೊಂದರೆಯೇನಾ?

ಎಕೋಕೋಣೆ:

ಹಸಿರೆಲೆ ಅವರೇ, ಅಲ್ಲ. ಕವಾಟವನ್ನು ಹಿಡಿದಿರುವ ಸ್ನಾಯುವಿನಲ್ಲಿ ಒಂದು ಕಣ ಸ್ಕ್ಯಾನಿಗೆ ಹೊಳೆಯುತ್ತದೆ ಅಷ್ಟೇ. ಹಾರ್ಟಿನ ಕೆಲಸಕ್ಕೆ ಅದರಿಂದ ಏನೂ ಆಗುವುದಿಲ್ಲ, ಚಿಕಿತ್ಸೆಯೂ ಬೇಡ. ಕ್ರೋಮೋಸೋಮ್ ಪರೀಕ್ಷೆ ಲೋ ರಿಸ್ಕ್ ಬಂದಿದ್ದು ಸ್ಕ್ಯಾನಲ್ಲಿ ಬೇರೆ ಏನೂ ಇಲ್ಲದಿದ್ದರೆ ಅದನ್ನು ಮರೆತುಬಿಡಿ. ಆ ಪರೀಕ್ಷೆ ಮಾಡಿಸಿಯೇ ಇಲ್ಲದಿದ್ದರೆ ಮಾತ್ರ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ಇದೇ ನೆಪದಲ್ಲಿ ಇನ್ನೊಂದು ಮಾತು, ಯಾಕೆಂದರೆ ಹಾರ್ಟಲ್ಲಿ ತೊಂದರೆ ಅಂದ ತಕ್ಷಣ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಹೆದರುವುದನ್ನು ದಿನಾ ನೋಡುತ್ತೇನೆ. ಕೆಳಗಿನ ಕೋಣೆಗಳ ನಡುವಿನ ಸ್ನಾಯುವಿನಲ್ಲಿ ಇರುವ ಸಣ್ಣ ರಂಧ್ರಗಳು ಹೆಚ್ಚಿನವು ತಾವಾಗಿಯೇ ಮುಚ್ಚುತ್ತವೆ, ಕೆಲವು ಹುಟ್ಟುವ ಮೊದಲೇ, ಬಹಳಷ್ಟು ಮೊದಲ ಒಂದೆರಡು ವರ್ಷದಲ್ಲಿ. ಅಯೋರ್ಟಾ ಕಿರಿದಾಗಿರಬಹುದು ಅನ್ನುವ ಅನುಮಾನವನ್ನು ಹೊಟ್ಟೆಯಲ್ಲಿರುವಾಗ ಖಚಿತ ಮಾಡುವುದು ಕಷ್ಟ, ಡಕ್ಟಸ್ ಅಲ್ಲೇ ಸೇರುವುದರಿಂದ ಅದು ಮುಚ್ಚುವ ತನಕ ಚಿತ್ರ ಸ್ಪಷ್ಟ ಆಗುವುದಿಲ್ಲ. ಎಷ್ಟೋ ಮಕ್ಕಳು ಹುಟ್ಟಿದ ಮೇಲೆ ನಾಲ್ಕಾರು ದಿನ ನೋಡಿ ಏನೂ ಇಲ್ಲ ಅಂತ ಮನೆಗೆ ಹೋಗುತ್ತವೆ. ಇನ್ನು ಮೇಲಿನ ಕೋಣೆಗಳ ನಡುವಿನ ಸಾಮಾನ್ಯ ರಂಧ್ರವನ್ನು ಹೊಟ್ಟೆಯಲ್ಲಿರುವಾಗ ಹೇಳುವುದಕ್ಕೇ ಆಗುವುದಿಲ್ಲ, ಆ ಜಾಗದಲ್ಲಿ ಎಲ್ಲ ಮಕ್ಕಳಿಗೂ ಕಿಂಡಿ ಇರುತ್ತದಲ್ವಾ. ಹಾಗಾಗಿ ಫೀಟಲ್ ಎಕೋ ನಾರ್ಮಲ್ ಬಂದವರೂ ಹುಟ್ಟಿದ ಮೇಲೆ ಕೈ ಮತ್ತು ಕಾಲಿಗೆ ಆಕ್ಸಿಜನ್ ಕ್ಲಿಪ್ ಹಾಕಿ ನೋಡುವ ಪರೀಕ್ಷೆಯನ್ನು ಬಿಡಬಾರದು. ಅದು ನೋವಿಲ್ಲದ, ಕೆಲವೇ ನಿಮಿಷದ ಕೆಲಸ.

ತಿಳಿನೀರು:

ನನಗೆ ಲೂಪಸ್ ಇದೆ, ಮೈಯ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ರಕ್ತದಲ್ಲಿ ಆಂಟಿ ರೋ ಅನ್ನುವ ಆಂಟಿಬಾಡಿ ಪಾಸಿಟಿವ್. ಅದು ಮಾಸನ್ನು ದಾಟಿ ಮಗುವಿನ ಹಾರ್ಟಿನ ವಿದ್ಯುತ್ ದಾರಿಯನ್ನು ಹಾಳು ಮಾಡಬಹುದು, 100ರಲ್ಲಿ ಇಬ್ಬರಿಗೆ ಹೀಗಾಗುತ್ತೆ ಅಂದಿದ್ದರು, ನನ್ನ ಮಗಳಿಗೆ ಆಯಿತು. ಬಡಿತ 60ರ ಹತ್ತಿರ ಇಳಿಯಿತು. ರಚನೆ ಪೂರ್ತಿ ಸರಿ ಇತ್ತು. ಹುಟ್ಟಿದ ಮೇಲೆ ಪೇಸ್‌ಮೇಕರ್ ಹಾಕಿದರು, ಚೆನ್ನಾಗಿದ್ದಾಳೆ. ಲೂಪಸ್ ಅಥವಾ ಅದೇ ಬಗೆಯ ಶೋಗ್ರೆನ್ ಕಾಯಿಲೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಗರ್ಭ ನಿಲ್ಲುವ ಮೊದಲೇ ಈ ರಕ್ತ ಪರೀಕ್ಷೆ ಮಾಡಿಸಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ. ಬಡಿತ ತೀರಾ ಜಾಸ್ತಿ, 220ರ ಮೇಲೆ ಓಡುವ ಮಕ್ಕಳೂ ಇರುತ್ತಾರೆ. ಅವರಿಗೆ ಅಮ್ಮನಿಗೇ ಔಷಧಿ ಕೊಟ್ಟು ಮಾಸಿನ ಮೂಲಕ ಮಗುವಿಗೆ ತಲುಪಿಸುತ್ತಾರೆ, ನನ್ನ ಪಕ್ಕದ ಬೆಡ್ಡಲ್ಲಿದ್ದವರಿಗೆ ಹಾಗೆ ಮಾಡಿದ್ದು ನೋಡಿದ್ದೇನೆ.

ಬೆಳದಿಂಗಳು:

ಬರೆಯಲೋ ಬೇಡವೋ ಅಂತ ಯೋಚಿಸಿದೆ. ನಮ್ಮ ಮಗುವಿಗೆ ಇದ್ದದ್ದು ಟಿಜಿಎ ಅಲ್ಲ, ಎಚ್‌ಎಲ್‌ಎಚ್‌ಎಸ್. ಹಾರ್ಟಿನ ಎಡ ಅರ್ಧ ಬೆಳೆದೇ ಇರಲಿಲ್ಲ. ಅದಕ್ಕೆ ಮೂರು ಹಂತದ ಆಪರೇಷನ್ ಇದೆ, ಹುಟ್ಟಿದ ಮೊದಲ ದಿನಗಳಲ್ಲಿ ಒಂದು, ಆರು ತಿಂಗಳ ಒಳಗೆ ಒಂದು, ಎರಡು ಮೂರು ವರ್ಷಕ್ಕೆ ಇನ್ನೊಂದು. ಅಷ್ಟಾದರೂ ಒಂದೇ ಪಂಪಿನ ಹಾರ್ಟು. ನಮ್ಮ ಮಗುವಿಗೆ ಜೊತೆಗೆ ಕ್ರೋಮೋಸೋಮ್ ತೊಂದರೆಯೂ ಇತ್ತು. ನಾವು ಆಪರೇಷನ್ ಬೇಡ ಅಂತ ತೀರ್ಮಾನಿಸಿದೆವು, ಹುಟ್ಟಿದ ಮೇಲೆ ನೋವಾಗದ ಹಾಗೆ ನೋಡಿಕೊಂಡು ನಮ್ಮ ಕೈಯಲ್ಲೇ ಇಟ್ಟುಕೊಂಡೆವು. ಅವಳನ್ನು ಎತ್ತಿಕೊಂಡಿದ್ದೇವೆ, ಹೆಸರಿಟ್ಟಿದ್ದೇವೆ.

ಮಳೆಹನಿ, ನಿಮ್ಮದು ಬೇರೆ, ನಿಮ್ಮದಕ್ಕೆ ಒಳ್ಳೆಯ ಆಪರೇಷನ್ ಇದೆ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕೆಲವು ಮನೆಯವರು ಗರ್ಭ ಮುಂದುವರಿಸುತ್ತಾರೆ, ಕೆಲವರು ನಿಲ್ಲಿಸುತ್ತಾರೆ, ಕೆಲವರು ನಮ್ಮ ಹಾಗೆ ಮಾಡುತ್ತಾರೆ. ಯಾರೂ ಮಗುವನ್ನು ಕಡಿಮೆ ಪ್ರೀತಿಸಿದವರಲ್ಲ. ಒಂದೊಂದು ದೇಶದ ಕಾನೂನು ಒಂದೊಂದು ವಾರದ ಮಿತಿ ಇಟ್ಟಿರುತ್ತದೆ, ಹಾಗಾಗಿ ಅನುಮಾನ ಬಂದ ಮೇಲೆ ಎಕೋ ಮುಂದೂಡಬೇಡಿ. ಕೌನ್ಸೆಲಿಂಗಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಒಬ್ಬರೇ ಕೇಳಿಸಿಕೊಂಡು ಮನೆಗೆ ಬಂದು ಎಲ್ಲರಿಗೂ ವಿವರಿಸುವ ಭಾರ ಇದೆಯಲ್ಲ, ಅದನ್ನು ಯಾರಿಗೂ ಹೊರಿಸಬಾರದು.

ಮಳೆಹನಿ:

ಎಲ್ಲರಿಗೂ ಕೈಮುಗಿಯುತ್ತೇನೆ. ಬೆಳದಿಂಗಳು ಅಕ್ಕ, ನೀವು ಬರೆದದ್ದು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮವರಿಗೆ ಈ ಎಲ್ಲ ಉತ್ತರ ಓದಿಸಿದೆ, ಎಕೋಗೆ ಅವರೂ ಬರುತ್ತಾರೆ. ಇನ್ನು ಎರಡು ಕೇಳಬೇಕು. ನಮ್ಮ ಡಾಕ್ಟರು ಆಮ್ನಿಯೋ (ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು ಮಾಡುವ ಕ್ರೋಮೋಸೋಮ್ ಪರೀಕ್ಷೆ) ಬಗ್ಗೆ ಮಾತೆತ್ತಿದರು, ಸೂಜಿ ಚುಚ್ಚಿಸಿದರೆ ಗರ್ಭ ಹೋಗುತ್ತೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಇನ್ನೊಂದು, ಸಿಸೇರಿಯನ್ ಮಾಡಿಸಿದರೆ ಮಗುವಿನ ಹಾರ್ಟಿಗೆ ಭಾರ ಕಡಿಮೆ ಆಗುತ್ತಾ? ಬೇಗ ತೆಗೆಸಿಬಿಟ್ಟರೆ ಬೇಗ ಆಪರೇಷನ್ ಆಗುತ್ತೆ ಅಲ್ವಾ?

ಎಕೋಕೋಣೆ:

ಕೊನೆಯದಕ್ಕೆ ಮೊದಲು ಉತ್ತರ. ಬೇಗ ತೆಗೆಸಬೇಡಿ. ತಿಂಗಳು ತುಂಬದ ಮಗುವಿನ ಶ್ವಾಸಕೋಶ, ಮಿದುಳು, ತೂಕ ಎಲ್ಲ ಹಿಂದೆ ಉಳಿದಿರುತ್ತದೆ, ಅದೇ ಆಪರೇಷನ್ ಅಂಥ ಮಗುವಿಗೆ ಹೆಚ್ಚು ಅಪಾಯ. ಬೇರೆ ತೊಂದರೆ ಇಲ್ಲದಿದ್ದರೆ 39 ವಾರದ ತನಕ ಕಾಯುವುದು ಒಳ್ಳೆಯದು. ಹಾರ್ಟ್ ತೊಂದರೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ, ಇಂಥ ಹೆಚ್ಚಿನ ಮಕ್ಕಳು ನಾರ್ಮಲ್ ಹೆರಿಗೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ನಿಮ್ಮ ಮನೆ ಆ ಆಸ್ಪತ್ರೆಯಿಂದ ದೂರ ಇದ್ದರೆ ದಿನ ತುಂಬುವ ಮೊದಲೇ ಹತ್ತಿರ ಬಂದು ಇರಿ, ಅಥವಾ ದಿನ ಗೊತ್ತು ಮಾಡಿ ನೋವು ಬರಿಸುವ ಯೋಚನೆ ಮಾಡುತ್ತಾರೆ, ಹಗಲಲ್ಲಿ ಪೂರ್ತಿ ತಂಡ ಇರುವಾಗ ಮಗು ಹುಟ್ಟಲಿ ಅಂತ.

ಆಮ್ನಿಯೋದಿಂದ ಗರ್ಭಪಾತ ಆಗುವ ಸಾಧ್ಯತೆ ಇದೆ, ಆದರೆ ಅನುಭವ ಇರುವವರ ಕೈಯಲ್ಲಿ ಅದು ತುಂಬಾ ಕಡಿಮೆ. ಅದು ಎಷ್ಟು ಉಪಯೋಗ ಅನ್ನುವುದು ಯಾವ ತೊಂದರೆ ಅನ್ನುವುದರ ಮೇಲೆ ನಿಂತಿದೆ. ಹಾರ್ಟಿನ ನಡುಭಾಗವೇ ಕೂಡಿಕೊಳ್ಳದ ಎವಿಎಸ್‌ಡಿಯಲ್ಲಿ ಡೌನ್ ಸಿಂಡ್ರೋಮ್ ಜಾಸ್ತಿ ಕಾಣುತ್ತದೆ, ಕೆಳಗಿನ ಕೋಣೆಗಳ ನಡುವೆ ರಂಧ್ರದ ಜೊತೆ ಶ್ವಾಸಕೋಶದ ನಾಳದ ದಾರಿಯೂ ಕಿರಿದಾಗಿರುವ ಫ್ಯಾಲೋಟ್ ತರಹದವುಗಳಲ್ಲಿ 22ನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದಿರುವುದು ಕಾಣುತ್ತದೆ, ಅಲ್ಲಿ ನಾನು ಮಾಡಿಸಿ ಅಂತ ಒತ್ತಿ ಹೇಳುತ್ತೇನೆ. ಬೇರೆ ಯಾವ ತೊಂದರೆಯೂ ಜೊತೆಗಿಲ್ಲದ ಟಿಜಿಎಯಲ್ಲಿ ಕ್ರೋಮೋಸೋಮ್ ತೊಂದರೆ ಅಪರೂಪ. ಆದ್ದರಿಂದ ಎಕೋ ಆಗಲಿ, ಅದರ ಫಲಿತಾಂಶ ಮುಂದಿಟ್ಟುಕೊಂಡು ಜೆನೆಟಿಕ್ಸ್ ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನಿಸಿ.

ಎಕೋ ದಿನ ಬಿಡುವು ಮಾಡಿಕೊಂಡು ಬನ್ನಿ. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಪಕ್ಕೆಲುಬಿನ ನೆರಳು ಬಿದ್ದು ಹಾರ್ಟ್ ಕಾಣುವುದಿಲ್ಲ, ತಿರುಗುವ ತನಕ ಕಾಯಬೇಕಾಗುತ್ತದೆ. ಅರ್ಧ ಗಂಟೆ ನಾನು ಏನೂ ಮಾತಾಡದೆ ಪರದೆ ನೋಡುತ್ತಿದ್ದರೆ ತಾಯಂದಿರಿಗೆ ಕೆಟ್ಟ ಸುದ್ದಿ ಇರಬೇಕು ಅನಿಸುತ್ತದೆ. ನಾವು ಅಳತೆ ತಗೊಳ್ಳುತ್ತಿರುತ್ತೇವೆ ಅಷ್ಟೇ. ಮುಗಿದ ಮೇಲೆ ಕೂತು ಮಾತಾಡುತ್ತೀರಾ ಅಂತ ಶುರುವಲ್ಲೇ ಕೇಳಿಬಿಡಿ.

ಚಿನ್ನುವಿನ ಅಮ್ಮ:

ಹಳೆಯ ಸ್ಕ್ಯಾನಿನ ರಿಪೋರ್ಟ್ ಎಲ್ಲ ಒಂದೇ ಫೈಲಲ್ಲಿ ಇಟ್ಟುಕೊಂಡು ಹೋಗು ತಂಗಿ. ಹೆರಿಗೆ ನೋವು ಇದ್ದಕ್ಕಿದ್ದಂತೆ ಬಂದು ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಕೊನೆಯ ಎಕೋ ರಿಪೋರ್ಟ್ ಕೈಯಲ್ಲಿದ್ದರೆ ಅವರು ಡ್ರಿಪ್ ಶುರು ಮಾಡಿ ಕಳಿಸಬಲ್ಲರು. ನಮ್ಮವರು ಅದರ ಫೋಟೋ ಇಬ್ಬರ ಫೋನಲ್ಲೂ ಇಟ್ಟಿದ್ದರು. ಎಕೋ ಆದ ಮೇಲೆ ಏನು ಹೇಳಿದರು ಅಂತ ಇಲ್ಲಿ ಬರೆ, ಕಾಯುತ್ತಿರುತ್ತೇವೆ.